ಆತಕೂರಿನ ಕಾಳಿ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿರುವ ಒಂದು ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ನಾಯಿಯೊಂದು ಕಾಡುಹಂದಿಯೊಡನೆ ಸೆಣಸುತ್ತಿರುವ ಚಿತ್ರ ಅದರಲ್ಲಿದೆ, ಜೊತೆಗೆ ಹಳಗನ್ನಡದ ಬರಹ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಿಂದ ಬಂದ ಈ ಶಾಸನದ ಕಾಲ ಶಕ 872, ಅಂದರೆ ಕ್ರಿ.ಶ. 949-50. ಕೃತಜ್ಞತೆ ಎಂಬ ಗುಣದ ಬಗ್ಗೆ ಕನ್ನಡದಲ್ಲಿ ಉಳಿದಿರುವ ಹಳೆಯ ಬರಹಗಳಲ್ಲಿ ಇದೂ ಒಂದು ಎಂದು ನಾನು ಓದಿಕೊಂಡಿದ್ದೇನೆ.

ಕಥೆ ಯುದ್ಧದಿಂದ ಶುರುವಾಗುತ್ತದೆ. ತಕ್ಕೋಲದಲ್ಲಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಕಾಳಗವಾಯಿತು. ಕೃಷ್ಣನ ಕಡೆಯ ಗಂಗ ದೊರೆ ಬೂತುಗ ರಾಜಾದಿತ್ಯನನ್ನು ಕೊಂದ. ಮೆಚ್ಚಿದ ಕೃಷ್ಣ ಅವನಿಗೆ ಬನವಾಸಿ 12000, ಬೆಳ್ವೊಲ 300 ಮುಂತಾದ ನಾಡುಗಳನ್ನು ಕೊಟ್ಟ. ಅದೇ ಕಾಳಗದಲ್ಲಿ ಬೂತುಗನ ಆಳು ಮಣಲೆರ ಎಂಬವನೂ ಧೈರ್ಯದಿಂದ ಕಾದಿದ್ದ. ಬೂತುಗ ಅವನಿಗೆ ಬೇಕಾದ್ದನ್ನು ಕೇಳು ಎಂದ.

ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು.

ಮುಂದೆ ಕೆಲಲೆ ನಾಡಿನ ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಒಟ್ಟಿಗೇ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಂತಿತು. ಕಲ್ಲಿನ ಪೂಜೆಗೆಂದು ಭೂಮಿ ಬಿಟ್ಟರು. ಗುಡಿಯ ಗೊರವ ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದು ಕಟ್ಟಳೆಯನ್ನೂ ಬರೆಸಿದರು. ಮಣಲೆರನಿಗೆ ಬೂತುಗ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ‘ಬಾಳ್ಗಚ್ಚು’, ಅಂದರೆ ಕತ್ತಿ ತೊಳೆದು ಕೊಡುವ ದತ್ತಿಯಾಗಿ ಕೊಟ್ಟ ಸಂಗತಿಯೂ ಇದೇ ಕಲ್ಲಿನಲ್ಲಿದೆ.

ಒಂದೇ ಕಲ್ಲಿನಲ್ಲಿ ಉಪಕಾರಸ್ಮರಣೆ ಮೂರು ಮೆಟ್ಟಿಲು ಇಳಿದಿದೆ: ಚಕ್ರವರ್ತಿಯಿಂದ ಸಾಮಂತನಿಗೆ, ಸಾಮಂತನಿಂದ ಆಳಿಗೆ, ಆಳಿನಿಂದ ನಾಯಿಗೆ. ಮೊದಲೆರಡರಲ್ಲಿ ಲೆಕ್ಕಾಚಾರವಿಲ್ಲ ಎನ್ನಲಾಗದು. ನಾಡು ಕೊಟ್ಟವನಿಗೆ ನಾಳಿನ ಯುದ್ಧಕ್ಕೂ ಆಳು ಬೇಕು. ಮೂರನೆಯದು ಬೇರೆ. ಸತ್ತ ನಾಯಿ ಯಾರಿಗೂ ಮತ್ತೆ ಏನನ್ನೂ ಮಾಡಿಕೊಡುವುದಿಲ್ಲ.

ಕೃತಜ್ಞ ಎಂದರೆ ಮಾಡಿದ್ದನ್ನು ಬಲ್ಲವನು. ಅದರ ಎದುರು ಪದ ಕೃತಘ್ನ, ಮಾಡಿದ್ದನ್ನು ಕೊಲ್ಲುವವನು. ಆತಕೂರಿನ ಕಲ್ಲು ಹೇಳುವುದೂ ಮಾಡಿದ್ದನ್ನೇ: ಯಾವ ನಾಯಿ, ಯಾವ ಊರಿನ ಯಾವ ದಿಕ್ಕಿನ ಗುಡ್ಡ, ಎಂಥ ಹಂದಿ. ‘ಒಳ್ಳೆಯ ನಾಯಿ’ ಎಂಬ ಬರಿಯ ಹೊಗಳಿಕೆಯಿಂದ ಅದು ಕೈತೊಳೆದುಕೊಳ್ಳುವುದಿಲ್ಲ.

ಈ ವಿವರವೇ ಇಂದಿನ ಮನಶ್ಶಾಸ್ತ್ರಕ್ಕೂ ಬೇಕಾಗಿ ಬಂತು. 2003ರಲ್ಲಿ ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಫ್ ಒಂದು ಅಧ್ಯಯನ ಪ್ರಕಟಿಸಿದರು. ಅದರ ಒಂದು ಭಾಗದಲ್ಲಿ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, ಹತ್ತು ವಾರ, ವಾರಕ್ಕೊಮ್ಮೆ ಬರೆಸಿದರು. ಒಂದು ಗುಂಪು ಋಣಿಯಾಗಿರಬೇಕಾದ ಸಂಗತಿಗಳನ್ನು, ಇನ್ನೊಂದು ಕಿರಿಕಿರಿಗಳನ್ನು, ಮತ್ತೊಂದು ಸುಮ್ಮನೆ ನಡೆದದ್ದನ್ನು ಬರೆಯಿತು. ಮೊದಲ ಗುಂಪಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನವನ್ನೂ ಬರುವ ವಾರದ ಬಗ್ಗೆ ಹೆಚ್ಚು ಭರವಸೆಯನ್ನೂ ತೋರಿಸಿದರು.

ಆದರೆ ಕೆಲಸದ ಜಾಗದಲ್ಲಿ ಈ ಮಾತು ಅಡ್ಡದಾರಿ ಹಿಡಿಯುವುದೂ ಉಂಟು. ‘ಕೆಲಸ ಇದೆಯಲ್ಲ, ಋಣಿಯಾಗಿರು’ ಎಂದು ಕೆಳಗಿನವನ ಬಾಯಿ ಮುಚ್ಚಿಸುವುದು ಸುಲಭ. ಬೂತುಗ ಮಣಲೆರನಿಗೆ ಹಾಗೆ ಹೇಳಲಿಲ್ಲ, ಏನು ಬೇಕೆಂದು ಕೇಳಿದ. ಈ ಶಾಸನದಲ್ಲಿ ಮೊದಲು ನೆನೆಯಬೇಕಾದವನು ಮೇಲಿನವನು.

ನಮ್ಮ ದಿನದಲ್ಲೂ ಅಂಥವರಿದ್ದಾರೆ. ನಾವು ಬರುವ ಮುಂಚೆಯೇ ಮೇಜು ಒರೆಸಿ ಹೋಗಿರುವವರು, ರಜೆಯ ದಿನ ನಮ್ಮ ಪಾಳಿ ಹೊತ್ತವರು, ಪರೀಕ್ಷೆಯ ಹಿಂದಿನ ರಾತ್ರಿ ತಮ್ಮ ನೋಟ್ಸ್ ಕೊಟ್ಟವರು. ಅವರಿಗೆ ಕಲ್ಲು ನೆಡಿಸಬೇಕಿಲ್ಲ. ಇಂಥ ದಿನ ನೀವು ಇಂಥದ್ದು ಮಾಡಿದಿರಿ, ನನಗೆ ನೆನಪಿದೆ ಎಂದು ಎದುರಿಗೇ ಹೇಳಬಹುದು. ಕಾಳಿಗೆ ಆ ಮಾತು ಕೇಳಿಸಲಿಲ್ಲ, ಇವರಿಗೆ ಕೇಳಿಸುತ್ತದೆ.