ಡೀಸೆಲ್ ಪಿಕಪ್ ವಾಹನದ ಫ್ಯಾನ್ ಕ್ಲಚ್ ದೋಷವನ್ನು ಗುರುತಿಸುವ ಕ್ರಮ

ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಭಾಗದ ಬೆಳೆಗಾರರು ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೂ ಮಾವನ್ನು ಮಂಡಿಗೂ ಸಾಗಿಸಲು ಬಹುಮಟ್ಟಿಗೆ ಡೀಸೆಲ್ ಪಿಕಪ್ ವಾಹನಗಳನ್ನೇ ಅವಲಂಬಿಸಿದ್ದಾರೆ. ಬೇಸಿಗೆಯಲ್ಲಿ ಈ ವಾಹನಗಳು ದಾರಿಯಲ್ಲಿ ಹೀಟ್ ಆಗಿ ನಿಂತರೆ ನಷ್ಟ ಎಂಜಿನ್ನಿಗೆ ಮಾತ್ರವಲ್ಲ. ಗೂಡಿನೊಳಗಿನ ಹುಳು ಜೀವಂತವಾಗಿದ್ದು ಉಸಿರಾಡುತ್ತಿರುತ್ತದೆ. ಒತ್ತಾಗಿ ತುಂಬಿದ ಚೀಲಗಳು ಬಿಸಿಲಿನಲ್ಲಿ ನಿಂತರೆ ಒಳಗೆ ಶಾಖ ಮತ್ತು ತೇವಾಂಶ ಏರಿ, ಹುಳು ಸತ್ತು, ಗೂಡು ಕಲೆಗಟ್ಟುತ್ತದೆ. ಅಂತಹ ಗೂಡಿಗೆ ಹರಾಜಿನಲ್ಲಿ ಬೆಲೆ ದೊರೆಯದು. ಬೇಸಾಯ ವಿಜ್ಞಾನಿಯೊಬ್ಬರು ಎಂಜಿನ್ ಕುರಿತು ಬರೆಯುವುದೇಕೆ ಎಂದು ಕೇಳುವವರಿಗೆ ಇದೇ ಉತ್ತರ.

ಹೀಟ್ ಆಗುವ ವಾಹನಕ್ಕೆ ರೇಡಿಯೇಟರ್ ಬದಲಿಸುವುದು, ಅದೂ ಸಾಲದೆ ಎಂಜಿನ್ ಬಿಚ್ಚಿಸುವುದು ರೂಢಿಯಾಗಿದೆ. ಆದರೆ ದೋಷವು ಹಲವು ಬಾರಿ ಫ್ಯಾನಿನ ನಡುವೆ ಕುಳಿತಿರುವ ಫ್ಯಾನ್ ಕ್ಲಚ್‌ನಲ್ಲಿರುತ್ತದೆ. ಖರ್ಚಿಗೆ ಕೈಹಾಕುವ ಮೊದಲು ಇದನ್ನು ಪರೀಕ್ಷಿಸುವುದು ಸೂಕ್ತ.

ಕಾರ್ಯವಿಧಾನ

ಎಂಜಿನ್ ಬೆಲ್ಟಿನಿಂದ ತಿರುಗುವ ಫ್ಯಾನ್ ಇರುವ ವಾಹನಗಳಿಗೆ ಮಾತ್ರ ಈ ಲೇಖನ ಅನ್ವಯಿಸುತ್ತದೆ. ವಿದ್ಯುತ್ ಮೋಟಾರಿನ ಫ್ಯಾನ್ ಇದ್ದರೆ ಫ್ಯೂಸ್ ಮತ್ತು ರಿಲೇಗಳನ್ನು ನೋಡಬೇಕು.

ಫ್ಯಾನ್ ಕ್ಲಚ್‌ನ ಒಳಗೆ ಗಟ್ಟಿಯಾದ ಸಿಲಿಕೋನ್ ಎಣ್ಣೆ ಇರುತ್ತದೆ. ಮುಂಭಾಗದಲ್ಲಿ ಎರಡು ಲೋಹಗಳನ್ನು ಬೆಸೆದ ಸಣ್ಣ ಸುರುಳಿ ಅಥವಾ ಪಟ್ಟಿ ಇದೆ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದಾಗ ಈ ಸುರುಳಿ ಬಾಗಿ ಒಳಗಿನ ಕವಾಟವನ್ನು ತೆರೆಯುತ್ತದೆ. ಆಗ ಎಣ್ಣೆಯು ಕಿರಿದಾದ ಸಂದುಗಳಿಗೆ ಹರಿದು, ತಿರುಗುವ ಭಾಗಕ್ಕೂ ಫ್ಯಾನಿಗೂ ಹಿಡಿತ ಒದಗಿಸುತ್ತದೆ. ಗಾಳಿ ತಣಿದರೆ ಕವಾಟ ಮುಚ್ಚಿ, ಎಣ್ಣೆ ಹಿಂದಿರುಗಿ, ಫ್ಯಾನ್ ನಿಧಾನವಾಗುತ್ತದೆ. ಬೇಡದಾಗ ಫ್ಯಾನ್ ತಿರುಗಿಸುವ ಡೀಸೆಲ್ ಹೀಗೆ ಉಳಿಯುತ್ತದೆ. ಎಣ್ಣೆ ಸೋರಿಹೋದರೆ ಹಿಡಿತವಿಲ್ಲದೆ ಫ್ಯಾನ್ ಜಾರುತ್ತದೆ. ಒಳಭಾಗ ಕಚ್ಚಿಕೊಂಡರೆ ಸದಾ ಪೂರ್ಣ ವೇಗದಲ್ಲಿ ತಿರುಗುತ್ತದೆ. ಎರಡೂ ದೋಷಗಳೇ.

ಎಲ್ಲಿ ಹೀಟ್ ಆಗುತ್ತದೆ ಎಂಬುದೇ ಮುಖ್ಯ

ಇದೊಂದು ಪ್ರಶ್ನೆಗೆ ಚಾಲಕರಿಂದ ಸರಿಯಾದ ಉತ್ತರ ಪಡೆದರೆ ಅರ್ಧ ಕೆಲಸ ಮುಗಿದಂತೆ. ವೇಗವಾಗಿ ಸಾಗುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುವುದರಿಂದ ಫ್ಯಾನಿನ ನೆರವು ಅಷ್ಟಾಗಿ ಬೇಕಿಲ್ಲ. ನಿಧಾನಗತಿಯಲ್ಲಿ, ನಿಂತಾಗ, ಭಾರ ಹೊತ್ತು ಏರು ಹತ್ತುವಾಗ ಫ್ಯಾನೇ ಆಧಾರ. ಚನ್ನಪಟ್ಟಣದ ಪೇಟೆಯೊಳಗಿನ ಹಳೆಯ ರಸ್ತೆಯಲ್ಲಿ ಅಥವಾ ಮಾರುಕಟ್ಟೆಯ ಮುಂದಿನ ಸಾಲಿನಲ್ಲಿ ಮುಳ್ಳು ಮೇಲೇರಿ, ಬೆಂಗಳೂರು–ಮೈಸೂರು ಹೆದ್ದಾರಿಯ ಬೈಪಾಸ್ ಸೇರಿ ವೇಗ ಹಿಡಿದೊಡನೆ ಕೆಳಗಿಳಿದರೆ ಫ್ಯಾನ್ ಕ್ಲಚ್ ಮೇಲೆ ಸಂದೇಹಪಡಬೇಕು. ಎ.ಸಿ. ಇರುವ ವಾಹನದಲ್ಲಿ ನಿಂತಾಗ ತಂಪು ಕುಗ್ಗುವುದೂ ಇದಕ್ಕೆ ಪೂರಕವಾದ ಲಕ್ಷಣ. ಇದಕ್ಕೆ ವಿರುದ್ಧವಾಗಿ ಹೆದ್ದಾರಿಯ ವೇಗದಲ್ಲಿಯೇ ಹೀಟ್ ಆದರೆ ರೇಡಿಯೇಟರ್ ಕಟ್ಟಿರುವುದು, ಥರ್ಮೋಸ್ಟಾಟ್ ತೆರೆಯದಿರುವುದು, ವಾಟರ್ ಪಂಪ್ ದೋಷ ಅಥವಾ ಹೆಡ್ ಗ್ಯಾಸ್ಕೆಟ್ ಸೋರಿಕೆಯನ್ನು ಮೊದಲು ನೋಡಬೇಕು.

ಕ್ಲಚ್ ಮುಟ್ಟುವ ಮುನ್ನ ಕೂಲೆಂಟ್ ಮಟ್ಟ, ಬೆಲ್ಟಿನ ಬಿಗಿ ಮತ್ತು ರೇಡಿಯೇಟರ್ ಮುಂಭಾಗವನ್ನು ಗಮನಿಸಿರಿ. ರಾಗಿ ಹುಲ್ಲು, ತೆಂಗಿನ ನಾರು ಸಾಗಿಸುವ ವಾಹನಗಳಲ್ಲಿ ಹೊಟ್ಟು, ದೂಳು ಸೇರಿ ರೇಡಿಯೇಟರಿನ ಸಂದುಗಳು ಮುಚ್ಚಿಹೋಗಿರುತ್ತವೆ. ಎಂಜಿನ್ ಆರಿದ ನಂತರ, ಹಿಂಬದಿಯಿಂದ ಮುಂದಕ್ಕೆ ಮೆದುವಾಗಿ ನೀರು ಹಾಯಿಸಿ ತೊಳೆಯಬೇಕು. ಎಂಜಿನ್ ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಪರೀಕ್ಷೆಗಳು

ಬೆಳಿಗ್ಗೆ ಎಂಜಿನ್ ತಣ್ಣಗಿದ್ದು, ಕೀಲಿ ತೆಗೆದಿರುವಾಗ ಫ್ಯಾನನ್ನು ಕೈಯಿಂದ ತಿರುಗಿಸಿರಿ. ಸರಿಯಾದ ಕ್ಲಚ್ ಸ್ವಲ್ಪ ತಡೆಯೊಡ್ಡಿ ಬೇಗನೆ ನಿಲ್ಲುತ್ತದೆ. ಸರಾಗವಾಗಿ ಹಲವು ಸುತ್ತು ತಿರುಗಿದರೆ ಎಣ್ಣೆ ಹೋಗಿದೆ. ಅಲುಗಾಡದಷ್ಟು ಬಿಗಿಯಾಗಿದ್ದರೆ ಕಚ್ಚಿಕೊಂಡಿದೆ. ಬಳಿಕ ರೆಕ್ಕೆಯ ತುದಿ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಿಸಿ ನೋಡಿರಿ. ಎದ್ದುಕಾಣುವಷ್ಟು ಸಡಿಲವಿದ್ದರೆ ಕ್ಲಚ್ ಅಥವಾ ವಾಟರ್ ಪಂಪಿನ ಬೇರಿಂಗ್ ಸವೆದಿದೆ. ಕ್ಲಚ್‌ನ ಮುಖದ ಮೇಲೆ ಸುರುಳಿಯ ಸುತ್ತ ಜಿಡ್ಡಿಗೆ ದೂಳು ಅಂಟಿ ಕಿರಣಗಳಂತೆ ಹರಡಿದ್ದರೆ ಅದು ಸೋರಿಕೆಯ ಗುರುತು.

ಎಂಜಿನ್ ಚಾಲೂ ಮಾಡಿದೊಡನೆ ಒಂದೆರಡು ನಿಮಿಷ ಫ್ಯಾನ್ ಜೋರಾಗಿ ಮೊರೆದು ನಂತರ ಶಾಂತವಾಗುವುದು ಸಹಜ. ರಾತ್ರಿ ನಿಂತಾಗ ಸಂದುಗಳಲ್ಲಿ ಉಳಿದ ಎಣ್ಣೆ ಹಿಂದಿರುಗಲು ಅಷ್ಟು ಸಮಯ ಬೇಕು. ಇದನ್ನು ದೋಷವೆಂದು ಭಾವಿಸಿ ಒಳ್ಳೆಯ ಕ್ಲಚ್ ಬದಲಿಸಬೇಡಿರಿ. ಮೊರೆತ ನಿಲ್ಲದೇ ಇದ್ದು, ಎಂಜಿನ್ ಬಿಸಿಯಾಗಲು ತಡವಾಗುತ್ತಿದ್ದು, ಡೀಸೆಲ್ ಖರ್ಚು ಏರಿದ್ದರೆ ಕ್ಲಚ್ ಕಚ್ಚಿಕೊಂಡಿರುವುದು ಸಂಭವನೀಯ.

ಕೊನೆಯದಾಗಿ ಬಿಸಿ ಪರೀಕ್ಷೆ. ವಾಹನವನ್ನು ಬಯಲಿನಲ್ಲಿ ನಿಲ್ಲಿಸಿ, ರೇಡಿಯೇಟರ್ ಮುಂದೆ ರಟ್ಟನ್ನು ಅಡ್ಡವಿಟ್ಟು ಎಂಜಿನ್ ಓಡಿಸಿ, ತಾಪದ ಮುಳ್ಳನ್ನು ಬಿಡದೆ ಗಮನಿಸುತ್ತಿರಿ. ತಾಪ ಏರಿದಂತೆ ಫ್ಯಾನಿನ ಸದ್ದು ಸ್ಪಷ್ಟವಾಗಿ ಹೆಚ್ಚಬೇಕು. ಮುಳ್ಳು ಕೆಂಪು ಗುರುತಿಗೆ ಸಮೀಪಿಸಿದರೂ ಸದ್ದು ಬದಲಾಗದಿದ್ದರೆ ರಟ್ಟನ್ನು ತೆಗೆದು ಎಂಜಿನ್ ಆರಿಸಿರಿ. ಆರಿಸಿದ ನಂತರವೂ ಫ್ಯಾನ್ ಬಹಳ ಹೊತ್ತು ತಿರುಗುತ್ತಿದ್ದರೆ ಹಿಡಿತವಿಲ್ಲವೆಂಬುದು ಖಚಿತ. ಓಡುವ ಫ್ಯಾನಿಗೆ ಸುರುಳಿ ಸುತ್ತಿದ ಕಾಗದ, ಕೋಲು ಒಡ್ಡಿ ನಿಲ್ಲಿಸಿ ನೋಡುವ ಪದ್ಧತಿಯನ್ನು ಕೈಬಿಡಿರಿ. ಪಂಚೆ ಮತ್ತು ಟವೆಲ್ಲಿನ ಅಂಚು ಫ್ಯಾನಿನ ಹತ್ತಿರ ಸುಳಿಯಬಾರದು.

ದಾರಿಯಲ್ಲಿ ಮುಳ್ಳು ಏರತೊಡಗಿದರೆ ಎ.ಸಿ. ನಿಲ್ಲಿಸಿ, ಹೀಟರ್ ಇದ್ದರೆ ಪೂರ್ಣ ತೆರೆಯಿರಿ; ಎಂಜಿನ್ನಿನ ಶಾಖ ಅಷ್ಟರಮಟ್ಟಿಗೆ ಹೊರಹೋಗುತ್ತದೆ. ಕೆಂಪು ಗುರುತು ಮುಟ್ಟಿದರೆ ನಿಲ್ಲಿಸಲೇಬೇಕು. ಅದೇ ಸ್ಥಿತಿಯಲ್ಲಿ ಓಡಿಸಿದರೆ ಸಿಲಿಂಡರ್ ಹೆಡ್ ಬಾಗುವ ಅಪಾಯವಿದೆ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯಬಾರದು. ಗೂಡಿನ ಚೀಲಗಳನ್ನು ಇಳಿಸಿ ನೆರಳಿನಲ್ಲಿ ಬಿಡಿಬಿಡಿಯಾಗಿ ಇಟ್ಟು, ಬೇರೆ ವಾಹನ ಕರೆಸುವುದು ಮೇಲು.

ಕೆಟ್ಟ ಕ್ಲಚ್‌ಗೆ ಬೋಲ್ಟ್ ಹಾಕಿ ಅಥವಾ ವೆಲ್ಡಿಂಗ್ ಮಾಡಿಸಿ ಶಾಶ್ವತವಾಗಿ ಬಂಧಿಸುವುದುಂಟು. ಆ ದಿನದ ಪ್ರಯಾಣ ಮುಗಿಯಬಹುದು. ಆದರೆ ಡೀಸೆಲ್ ವ್ಯರ್ಥವಾಗಿ, ವಾಟರ್ ಪಂಪಿನ ಬೇರಿಂಗ್ ಮೇಲೆ ನಿರಂತರ ಒತ್ತಡ ಬೀಳುತ್ತದೆ. ಬದಲಿಸುವಾಗ ನಿಮ್ಮ ವಾಹನದ ಮಾದರಿಗೆ ನಿಗದಿಯಾದ ಕ್ಲಚ್ಚನ್ನೇ ಕೊಳ್ಳಿರಿ. ಕೆಲವು ಮಾದರಿಗಳಲ್ಲಿ ನಟ್ಟಿನ ತಿರುವು ಎಡಗೈ ದಿಕ್ಕಿನದಾಗಿರುವುದರಿಂದ, ಬಲವಂತವಾಗಿ ಬಿಚ್ಚುವ ಮೊದಲು ಮೆಕ್ಯಾನಿಕ್ ಅದನ್ನು ಖಚಿತಪಡಿಸಿಕೊಳ್ಳಬೇಕು. ಹೊಸ ಕ್ಲಚ್ಚನ್ನು ಅಂಗಡಿಯಿಂದ ತರುವಾಗಲೂ ಜೋಡಿಸುವವರೆಗೂ ಮಲಗಿಸದೆ, ವಾಹನದಲ್ಲಿ ಕೂರುವ ರೀತಿಯಲ್ಲಿಯೇ ನಿಲ್ಲಿಸಿ ಇಡಿರಿ. ಮಲಗಿಸಿದರೆ ಒಳಗಿನ ಎಣ್ಣೆ ಸೋರುವ ಸಂಭವವಿದೆ.