ನೂರರ ಮೇಲೆ ವಯಸ್ಸು

‘ನನಗೆ ಬಿ.ಪಿ. ಇದೆ’ ಎಂದು ವಯಸ್ಸಾದವರು ಹೇಳುವುದನ್ನು ನಾವು ದಿನವೂ ಕೇಳುತ್ತೇವೆ. ರಕ್ತದೊತ್ತಡವಿಲ್ಲದವನು ಬದುಕಿರಲಾರ, ‘ಹೆಚ್ಚಿದೆ’ ಎಂಬ ಮಾತನ್ನು ನಮ್ಮ ಆಡುನುಡಿ ನುಂಗಿಬಿಟ್ಟಿದೆ. ಎಷ್ಟಿದ್ದರೆ ಹೆಚ್ಚು, ಅದರಲ್ಲಿಯೂ ಮುಪ್ಪಿನಲ್ಲಿ ಎಷ್ಟಿದ್ದರೆ ಹೆಚ್ಚು ಎಂಬ ಪ್ರಶ್ನೆಗೆ ಉತ್ತರ ಸುಲಭವಾಗಿ ದೊರೆಯಲಿಲ್ಲ.

ಒತ್ತಡವನ್ನು ಮೊದಲು ಅಳೆದವನು ವೈದ್ಯನಲ್ಲ, ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಹೆಣ್ಣುಕುದುರೆಯೊಂದರ ತೊಡೆಯ ಧಮನಿಗೆ ಹಿತ್ತಾಳೆಯ ಕೊಳವೆ ಸೇರಿಸಿ ಅದರ ಮೇಲೆ ಗಾಜಿನ ನಳಿಗೆಯನ್ನು ನಿಲ್ಲಿಸಿದಾಗ ನೆತ್ತರು ಎಂಟು ಅಡಿಗೂ ಮಿಕ್ಕಿ ಏರಿತೆಂದು 1733ರಲ್ಲಿ ಅವನು ಪ್ರಕಟಿಸಿದ. ಮನುಷ್ಯನ ಧಮನಿಯನ್ನು ಹಾಗೆ ಕೊಯ್ಯುವಂತಿಲ್ಲವಷ್ಟೆ! 1896ರಲ್ಲಿ ಇಟಲಿಯ ರಿವಾ-ರೊಚ್ಚಿ ತೋಳಿಗೆ ರಬ್ಬರಿನ ಪಟ್ಟಿ ಸುತ್ತಿ, ಗಾಳಿ ತುಂಬಿ, ಪಾದರಸದ ಏರಿಕೆಯಿಂದ ಮೇಲಿನ ಅಂಕೆಯನ್ನು ಓದಿದ. 1905ರಲ್ಲಿ ರಷ್ಯದ ಕೊರೊಟ್ಕಾಫ್ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪನ್ನಿಟ್ಟು ಆಲಿಸಿದ. ಗಾಳಿಯನ್ನು ಬಿಡುತ್ತ ಬಂದಂತೆ ಸದ್ದು ಹುಟ್ಟುವ ಎಡೆ ಮೇಲಿನ ಅಂಕೆ, ಸದ್ದು ಅಡಗುವ ಎಡೆ ಕೆಳಗಿನದು.

ಅಳೆಯುವುದು ಬಂದಿತು, ಅಳತೆಯ ಅರ್ಥ ತಿಳಿಯಲಿಲ್ಲ. ಮುಪ್ಪಿನಲ್ಲಿ ಧಮನಿಗಳು ಬಿರುಸಾಗುತ್ತವೆ. ಮಿದುಳಿಗೆ ರಕ್ತ ತಲುಪಬೇಕಾದರೆ ಒತ್ತಡ ಏರಲೇಬೇಕು. ಅದು ಪ್ರಕೃತಿಯ ಏರ್ಪಾಡು, ತಗ್ಗಿಸಹೋದರೆ ಅಪಾಯ ಎಂದು ಹೆಸರಾಂತ ವೈದ್ಯರೂ ನಂಬಿದ್ದರು. ನೂರಕ್ಕೆ ವಯಸ್ಸನ್ನು ಕೂಡಿಸಿದರೆ ಬರುವುದೇ ಮೇಲಿನ ಅಂಕೆ ಎಂಬ ಲೆಕ್ಕ ರೂಢಿಯಲ್ಲಿತ್ತು. ಎಪ್ಪತ್ತರವನಿಗೆ 170 ಸಹಜ! ಇದಕ್ಕೆ ಒಂದು ಪದವೂ ಒತ್ತಾಸೆಯಾಯಿತು. ಬೇರೆ ರೋಗದಿಂದ ಹುಟ್ಟದ ಏರೊತ್ತಡಕ್ಕೆ ವೈದ್ಯರು ‘ಎಸೆನ್ಷಿಯಲ್’ ಎಂಬ ವಿಶೇಷಣವನ್ನು ಇಟ್ಟಿದ್ದರು. ಶಾಸ್ತ್ರದಲ್ಲಿ ಅದರ ಅರ್ಥ ‘ತನ್ನಿಂದ ತಾನೇ ಇರುವುದು’, ಆಡುಮಾತಿನಲ್ಲಿ ‘ಅವಶ್ಯವಾದುದು’. ಎರಡನೆಯ ಅರ್ಥ ಮೊದಲನೆಯದನ್ನು ಹಿಂದಿಕ್ಕಿತೆಂದೇ ನನ್ನ ಅನುಮಾನ. ಪದಗಳನ್ನೇ ನಂಬಿ ಬಾಳಿದ ನಮ್ಮಂಥವರು ಇದನ್ನು ಗಮನಿಸದಿರಲಾರೆವು.

ಈ ನಂಬಿಕೆಯ ಕಾಲದಲ್ಲಿಯೇ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರ ಕಾಯಿಲೆ ಬೆಳೆಯಿತು. 1944ರ ಮಾರ್ಚಿಯಲ್ಲಿ ಹೃದಯತಜ್ಞ ಬ್ರೂಯೆನ್ ಪರೀಕ್ಷಿಸಿದಾಗ ಒತ್ತಡ 186ಕ್ಕೆ 108, ಹೃದಯ ಸೋಲುತ್ತಿತ್ತು. ಆಪ್ತವೈದ್ಯ ಮ್ಯಾಕಿಂಟೈರ್ ಮಾತ್ರ, ಆ ವಯಸ್ಸಿನವರಿಗೆ ಆರೋಗ್ಯ ಚೆನ್ನಾಗಿಯೇ ಇದೆಯೆಂದು ಲೋಕಕ್ಕೆ ಸಾರುತ್ತಿದ್ದರು. ಉಪ್ಪು ಕಡಮೆ ಮಾಡಿ, ವಿಶ್ರಾಂತಿ ಕೊಡಿಸುವುದರ ಆಚೆಗೆ ಬ್ರೂಯೆನ್ನರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ರೂಸ್‌ವೆಲ್ಟ್ ಕುಸಿದಾಗ ಅಂಕೆ 300ಕ್ಕೆ 190. ಅವರಿಗೆ ಆಗ ಅರುವತ್ತಮೂರು ವರ್ಷ.

ಒತ್ತಡವನ್ನು ತಗ್ಗಿಸುವ ಬೇರೊಂದು ಆಗಲೇ ನಮ್ಮ ದೇಶದಲ್ಲಿ ಬಳಕೆಯಲ್ಲಿತ್ತು. ಅದೇ ಸರ್ಪಗಂಧ. ಸೇನ್ ಮತ್ತು ಬೋಸ್ 1931ರಲ್ಲಿಯೇ ಅದರ ಗುಣವನ್ನು ವರದಿಮಾಡಿದ್ದರು, ಮುಂಬಯಿಯ ಡಾ. ರುಸ್ತುಂ ವಕೀಲರು 1949ರಲ್ಲಿ ಐವತ್ತು ರೋಗಿಗಳ ಅನುಭವವನ್ನು ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಕಣ್ತೆರೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನ ಸಾರವಾದ ರಿಸರ್ಪಿನ್ ಬೇರ್ಪಟ್ಟಿತು. ಅಮೆರಿಕದ ನಿವೃತ್ತ ಸೈನಿಕರ ಮೇಲೆ ಫ್ರೈಸ್ ನಡೆಸಿ 1967ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒತ್ತಡ ತಗ್ಗಿದರೆ ಅನಾಹುತ ತಪ್ಪುವುದೆಂದು ಮೊದಲ ಸಲ ದೃಢವಾಗಿ ತೋರಿಸಿದ ಮೂರು ಔಷಧಿಗಳಲ್ಲಿ ಇದೂ ಒಂದು. ಮನಸ್ಸನ್ನು ಕುಗ್ಗಿಸುವ ದೋಷದಿಂದಾಗಿ ಮುಂದೆ ಅದರ ಬಳಕೆ ಇಳಿಯಿತು.

ವೃದ್ಧರ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು. ಕೆಳಗಿನ ಅಂಕೆ ಸರಿಯಿದ್ದು ಮೇಲಿನದಷ್ಟೇ ಏರಿರುವುದು ಮುಪ್ಪಿನ ಲಕ್ಷಣ. ಅದು ನಿರುಪದ್ರವಿ ಎಂದು ಭಾವಿಸಿದ್ದರು. ಅಂಥ ಅರುವತ್ತು ದಾಟಿದ 4736 ಮಂದಿಗೆ ಅಮೆರಿಕದಲ್ಲಿ ಚಿಕಿತ್ಸೆಯಿತ್ತು ನೋಡಿದ ಅಧ್ಯಯನದ ಫಲ 1991ರಲ್ಲಿ ಹೊರಬಂದಿತು: ಪಾರ್ಶ್ವವಾಯು ಶೇಕಡಾ 36ರಷ್ಟು ಕಡಮೆ! ಎಂಬತ್ತು ದಾಟಿದವರನ್ನು ಮುಟ್ಟಬಾರದು ಎಂಬ ಅಂಜಿಕೆ ಆಗಲೂ ಹೋಗಲಿಲ್ಲ. ಆ ವಯಸ್ಸಿನ 3845 ಮಂದಿಯ ಅಧ್ಯಯನ 2008ರಲ್ಲಿ ಪ್ರಕಟವಾದಾಗ, ಚಿಕಿತ್ಸೆ ಪಡೆದವರಲ್ಲಿ ಸಾವೇ ಶೇಕಡಾ 21ರಷ್ಟು ಇಳಿದಿತ್ತು. ಅಲ್ಲಿ ಇಟ್ಟುಕೊಂಡ ಗುರಿ 150ಕ್ಕೆ 80. ಕುಳಿತಾಗಷ್ಟೇ ಅಲ್ಲ, ನಿಂತಾಗಲೂ ಅಳೆದರು. ಎದ್ದು ನಿಂತೊಡನೆ ಒತ್ತಡ ಕುಸಿದು, ಕಣ್ಣು ಕತ್ತಲಿಟ್ಟು ಬೀಳುವವರು ಆ ವಯಸ್ಸಿನಲ್ಲಿ ಬಹಳ. ನಿಂತಾಗ ಮೇಲಿನ ಅಂಕೆ 140ಕ್ಕಿಂತ ಕೆಳಗಿಳಿಯುವವರನ್ನು ಅವರು ಸೇರಿಸಿಕೊಳ್ಳಲೇ ಇಲ್ಲ.