ಶಸ್ತ್ರಕ್ರಿಯೆಯ ಅನಂತರ: ಕರುಳಿನ ಅರ್ಬುದದ ಇತಿಹಾಸದಲ್ಲೊಂದು ಅಧ್ಯಾಯ

ದೊಡ್ಡಕರುಳು ಮತ್ತು ಗುದನಾಳಗಳ ಅರ್ಬುದವನ್ನು, ಎಂದರೆ ಕ್ಯಾನ್ಸರನ್ನು, ಕತ್ತರಿಸಿ ತೆಗೆದೊಡನೆ ರೋಗವು ನಿರ್ಮೂಲವಾಯಿತೆಂದು ಭಾವಿಸುವುದು ಸಹಜ. ಇತಿಹಾಸವನ್ನು ಪರಿಶೀಲಿಸಿದರೆ ಈ ಭಾವನೆಯು ನಿಲ್ಲದೆಂಬುದು ನಮಗೆ ವಿದಿತವಾಗುತ್ತದೆ.

ಲಂಡನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಮೈಲ್ಸ್ ಅವರು ಹಳೆಯ ಕ್ರಮದಲ್ಲಿ ಗುದನಾಳದ ಶಸ್ತ್ರಕ್ರಿಯೆ ನಡೆಸಿದ 57 ಮಂದಿಯಲ್ಲಿ 54 ಮಂದಿಗೆ ರೋಗವು ಮರುಕಳಿಸಿತು. ಮೃತರ ದೇಹಗಳನ್ನು ಪರೀಕ್ಷಿಸಿದ ಅವರು, ರೋಗವು ದುಗ್ಧಗ್ರಂಥಿಗಳ ಮಾರ್ಗವಾಗಿ ಮೇಲಕ್ಕೂ ಹರಡುವುದೆಂದು ಅರಿತು, ಆ ಗ್ರಂಥಿಗಳನ್ನೂ ತೆಗೆಯುವ ವಿಧಾನವನ್ನು 1908ರಲ್ಲಿ ಪ್ರಕಟಿಸಿದರು.

ಆದರೆ ಕಣ್ಣಿಗೆ ಕಾಣದೆ ಉಳಿದ ಜೀವಕೋಶಗಳನ್ನು ಶಸ್ತ್ರವು ಮುಟ್ಟಲಾರದು. 1957ರಲ್ಲಿ ಬೆಳಕಿಗೆ ಬಂದ ಫ್ಲೋರೋಯುರಾಸಿಲ್ ಔಷಧವು ಈ ಕೊರತೆಯನ್ನು ತುಂಬತೊಡಗಿತು. ಇದನ್ನು ಲೆವಮಿಸೋಲಿನೊಡನೆ ಕೊಟ್ಟಲ್ಲಿ, ಗ್ರಂಥಿಗಳಿಗೆ ಹರಡಿದ್ದ ದೊಡ್ಡಕರುಳಿನ ಅರ್ಬುದವು ಶಸ್ತ್ರಕ್ರಿಯೆಯ ಮೇಲೆ ಮರುಕಳಿಸುವ ಅಪಾಯ ಶೇಕಡ 41ರಷ್ಟು ತಗ್ಗುವುದೆಂದು ಅಮೆರಿಕದ ಚಾರ್ಲ್ಸ್ ಮೋರ್ಟೆಲ್ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದರು. ಔಷಧೋಪಚಾರ ಮುಗಿದ ಬಳಿಕ ಮೂರು ವರ್ಷ ಕ್ರಮವರಿತು ವ್ಯಾಯಾಮ ಮಾಡಿದವರಲ್ಲಿ ಮರುಕಳಿಕೆಯೂ ಮರಣವೂ ಕಡಿಮೆಯೆಂದು 889 ದೊಡ್ಡಕರುಳಿನ ರೋಗಿಗಳ ಮೇಲೆ ನಡೆದ ಪ್ರಯೋಗವೊಂದು 2025ರಲ್ಲಿ ತಿಳಿಸಿತು.

ಈ ಜ್ಞಾನವು ನಮ್ಮ ಹಳ್ಳಿಗಳನ್ನು ಮುಟ್ಟಿದಾಗಲೇ ಸಾರ್ಥಕ. ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಕ್ಯಾನ್ಸರ್ ಸಂಸ್ಥೆಯು 1973ರಲ್ಲಿಯೇ ಸ್ಥಾಪಿತವಾಯಿತು. ಆದರೆ ಕಬಿನಿ ಜಲಾಶಯದ ಬಳಿಯ ಬೀಚನಹಳ್ಳಿಯ ಕೃಷಿಕನಿಗೆ, ಗಾಯ ಮಾಗಿದ ಮೇಲೂ ಅಷ್ಟು ದೂರ ಹೋಗಿಬರುವುದೆಂದರೆ ದುಡಿಮೆಯ ನಷ್ಟ. ಮರುಕಳಿಕೆಯು ಬಹುತೇಕ ಮೊದಲ ಮೂರು ವರ್ಷಗಳಲ್ಲಿಯೇ ತಲೆದೋರುವುದರಿಂದ, ಆಗ ತಪ್ಪಿಸಿದ ಒಂದು ಪರೀಕ್ಷೆಯ ಬೆಲೆ ಆ ನಷ್ಟಕ್ಕಿಂತ ಹಿರಿದಾಗಬಹುದು. ಐದು ವರ್ಷಗಳ ತಪಾಸಣೆಯೂ ಚಿಕಿತ್ಸೆಯ ಅಂಗವೇ ಎಂದು ನಾವು ಎಣಿಸತಕ್ಕದ್ದು.